ಗ್ರೂಬರ್ ಮನೆಯ ಮೂಕ ಗಂಟೆ

"ಇದು ಕೆಟ್ಟುಹೋಗಿರುವುದೇ?" ಎಂದು ಕೇಳಿದ ಅಮೆರಿಕದ ಗ್ರೂಬರ್.

ದೊಡ್ಡಮನೆಯ ನಡುಮನೆಯ ಗೋಡೆಗೆ ತೂಗುಹಾಕಿದ್ದ ಮುಂದಾಳು ಹಸುವಿನ ಗಂಟೆಯನ್ನು ಅವನು ಎರಡು ಕೈಯಿಂದ ಹಿಡಿದು ಅಲ್ಲಾಡಿಸುತ್ತಿದ್ದ. ಸಣ್ಣ ಕೊಡದಷ್ಟಿದ್ದ ಗಂಟೆ ಅತ್ತಿತ್ತ ತೂಗಿತು. ದನಿ ಮಾತ್ರ ಬರಲಿಲ್ಲ.

"ಕೈ ತೆಗೀರಿ," ಎಂದಳು ಆಫ್ರಾ ಗ್ರೂಬರ್.

ಅವನು ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ಎಳೆದುಕೊಂಡ. ಹೆಸರು ವೇಯ್ನ್ ಗ್ರೂಬರ್, ಊರು ಮಿಲ್ವಾಕೀ. ಬರುವ ಭಾನುವಾರದ ಗ್ರೂಬರ್ ಸಮಾವೇಶಕ್ಕೆ ಎಲ್ಲರಿಗಿಂತ ಮೊದಲು ಬಂದಿಳಿದ ನೆಂಟ. ಅವನ ಮುತ್ತಜ್ಜಿ ಹಡಗಿನಲ್ಲಿ ಕಟ್ಟಿಕೊಂಡು ಹೋದ ಈ ಊರಿನ ಹಳೆಯ ಭಾಷೆಯನ್ನೇ ಅವನು ಆಡುತ್ತಿದ್ದ. ಬೆಳಗಿನಿಂದ ಈ ಮನೆಯ ಕಂಬ, ಒಲೆ, ಕೊಟ್ಟಿಗೆ, ಸಗಣಿಗುಂಡಿ ಎಲ್ಲವನ್ನೂ ಫೋಟೋ ತೆಗೆದು ಕಣ್ಣು ಒರೆಸಿಕೊಂಡಿದ್ದ. ಅವನ ಮುತ್ತಜ್ಜ ಈ ಮನೆಯ ನಾಲ್ಕನೆಯ ಮಗ. ಹೊಲ ಹಿರಿಯನಿಗೆ, ಉಳಿದವರಿಗೆ ಬಾಗಿಲು. ಒಂದು ರೊಟ್ಟಿ ಕೈಗಿಟ್ಟು ದಬ್ಬಿದ ಮನೆಯ ಹೊಸ್ತಿಲಿಗೆ ಮೊಮ್ಮಗನ ಮಗ ಬಂದು ಮುತ್ತಿಕ್ಕುತ್ತಿದ್ದ.

"ಅಂಗಳಕ್ಕೆ ಹೋಗಿ," ಎಂದಳು ಆಫ್ರಾ, ಈ ಸಲ ಜೇನು ಸವರಿದ ದನಿಯಲ್ಲಿ. "ಅಲ್ಲಿಂದ ನಮ್ಮ ಮೇಲಿನ ಹುಲ್ಲುಗಾವಲು ಚೆನ್ನಾಗಿ ಕಾಣುತ್ತೆ. ಆ ಉದ್ದದ ಕ್ಯಾಮೆರಾ ತಗೊಂಡೋಗಿ. ಈ ಹೊತ್ತಲ್ಲಿ ಬಿಸಿಲು ಕಮರಿ ಮೇಲೆ ಬೀಳುತ್ತೆ."

ವೇಯ್ನ್ ನನ್ನತ್ತ ತಿರುಗಿ ಕೈ ಚಾಚಿದ. "ತಾವು ಸಹ ಗ್ರೂಬರ್ ಎಂದು ಕೇಳಿದೆನು. ಹಾಗಾದರೆ ನಾವು ಸೋದರರು!"

"ಅವಳು ಆ ಗ್ರೂಬರ್ ಅಲ್ಲ," ಎಂದಳು ಆಫ್ರಾ.

ಅವಳ ಮಾತು ಸುಳ್ಳಲ್ಲ. ಈ ಕಣಿವೆಯಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಬೀಳುವುದು ಗ್ರೂಬರನ ತಲೆಗೇ. ಗ್ರೂಬರ್ ಹೋಟೆಲು, ಗ್ರೂಬರ್ ಸಾಮಿಲ್ಲು, ಗ್ರೂಬರ್ ಹಳ್ಳ, ಗ್ರೂಬರ್ ಶಿಖರ. ಚರ್ಚಿನ ಹಿಂದಿನ ಕಲ್ಲುಗಳ ಮೇಲೂ ಅದೇ ಹೆಸರು, ಮಳೆಗೆ ಅಳಿಸಿದ್ದು, ಹೊಸದಾಗಿ ಕೆತ್ತಿದ್ದು. ಗ್ರೂಬ್ ಎಂದರೆ ತಗ್ಗು, ಗುಂಡಿ. ಗುಂಡಿಯಲ್ಲಿ ಮನೆ ಕಟ್ಟಿಕೊಂಡವರು ಗ್ರೂಬರರು. ಗುಂಡಿಯವರಿಗೆ ಇಷ್ಟು ಜಂಬ ಎಲ್ಲಿಂದ ಬಂತೋ, ನನಗೆ ಇವತ್ತಿಗೂ ತಿಳಿದಿಲ್ಲ. ಎಲ್ಲರಿಗೂ ಒಂದೇ ಹೆಸರಾದ್ದರಿಂದ ಕರೆಯುವುದು ಮನೆಯಿಂದ: ದೊಡ್ಡಮನೆ ಗ್ರೂಬರ್, ಗಿರಣಿ ಗ್ರೂಬರ್, ಸುಣ್ಣದಗೂಡಿನ ಗ್ರೂಬರ್. ನನ್ನಮ್ಮ ಸುಣ್ಣದಗೂಡಿನ ಕಡೆಯವಳು, ಈ ದೊಡ್ಡಮನೆಯ ಆಳು. ಹಸುಗಳ ಮೇಲಿನ ಅಟ್ಟದಲ್ಲಿ ಮಲಗಿ, ಅಲ್ಲೇ ನನ್ನನ್ನು ಹೆತ್ತಳು. ಜಿಲ್ಲಾ ಅಪರಾಧ ವಿಭಾಗದಲ್ಲಿ ನಾನು ಇನ್‌ಸ್ಪೆಕ್ಟರ್ ನೋಟ್‌ಬುರ್ಗಾ ಗ್ರೂಬರ್. ಈ ಮನೆಯಲ್ಲಿ ಕೊಟ್ಟಿಗೆ ಬುರ್ಗಿ.

ವೇಯ್ನ್ ಹೋದ. ಆಫ್ರಾ ಮೇಜಿಗೆ ಮರಳಿ ಕತ್ತರಿ ಎತ್ತಿಕೊಂಡಳು. ಸಮಾವೇಶಕ್ಕೆ ಬರುವ ನೆಂಟರ ಎದೆಗೆ ಚುಚ್ಚಲು ಕೆಂಪು ಬಿಳಿ ರಿಬ್ಬನ್ನಿನ ಹೂ ಮಾಡುತ್ತಿದ್ದಳು. ಮೇಜಿನ ಮೇಲೆ ಅಂಥ ಹೂಗಳ ರಾಶಿ. ಹೊಲಿಗೆ ಬುಟ್ಟಿಯಲ್ಲಿ ಕೆಂಪು ಸುರುಳಿ, ಬಿಳಿ ಸುರುಳಿ, ಪಕ್ಕದಲ್ಲಿ ಕಪ್ಪು ಸುರುಳಿ. ಮಗ ಸತ್ತ ಮನೆ, ಕಪ್ಪು ಇರಲೇಬೇಕು ಅಂದುಕೊಂಡು ನಾನು ಅದರ ಮೇಲೆ ಕಣ್ಣು ನಿಲ್ಲಿಸಲಿಲ್ಲ.

"ನಿನಗಿನ್ನೂ ಏನು ಕೆಲಸ ಇಲ್ಲಿ?" ಎಂದಳು. "ಕೊಂದವನು ಸಿಕ್ಕಾಯ್ತಲ್ಲ."

ಶುಕ್ರವಾರ ಯಾರೋ ತಳ್ಳಿ ಕೊಂದ ಅವಳ ಕಿರಿಮಗ ವಿಗಿಲ್‌ನ ಹೆಣ ಮೊನ್ನೆ ಭಾನುವಾರ ಗ್ರೂಬರ್ ಕಮರಿಯಲ್ಲಿ ಸಿಕ್ಕಿತ್ತು. ಅದೇ ಮಧ್ಯಾಹ್ನ ಈ ಮನೆಯ ದನಗಾಹಿ, ಬೋಸ್ನಿಯಾದಿಂದ ಯುದ್ಧಕ್ಕೆ ಬೆದರಿ ಬಂದ ಮಿರ್ಸಾದ್, ಪೊಲೀಸರನ್ನು ಕಂಡು ಓಡಿ ಸಿಕ್ಕಿಬಿದ್ದಿದ್ದ. ಕಾಗದಪತ್ರ ಇಲ್ಲದವನು ಪೊಲೀಸರನ್ನು ಕಂಡರೆ ಓಡುತ್ತಾನೆ. ಆದರೆ ನಮ್ಮ ಠಾಣೆಯ ಲೆಕ್ಕದಲ್ಲಿ ಓಡಿದವನೇ ಕೊಲೆಗಾರ. ಇವತ್ತು ಮಂಗಳವಾರ. ಸಂಜೆಯ ಗಾಡಿಯಲ್ಲಿ ಅವನನ್ನು ಇನ್ಸ್‌ಬ್ರುಕ್ ಜೈಲಿಗೆ ಕಳಿಸುವುದಿತ್ತು. ಅಲ್ಲಿಗೆ ಹೋದವನನ್ನು ಹೊರಗೆ ತರಲು ವಕೀಲ ಬೇಕು, ಕೋರ್ಟಿನ ಭಾಷೆ ಬೇಕು, ಹೆಸರು ಬೇಕು. ಅವನಲ್ಲಿ ಮೂರೂ ಇಲ್ಲ. ಅವನ ಹೆಂಡತಿ ಸೆನಾದಾ ತುಂಬು ಬಸುರಿ. ಗ್ರೂಬರ್ ಹೋಟೆಲಿನಲ್ಲಿ ಪಾತ್ರೆ ತೊಳೆದು, ಒದ್ದೆ ಏಪ್ರನ್ನಿನಲ್ಲೇ ಬಂದು ಠಾಣೆಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಎಬ್ಬಿಸಿದರೆ ಎದ್ದು, ಮತ್ತೆ ಬಂದು ಕೂರುತ್ತಿದ್ದಳು.

"ಒಂದೆರಡು ಮಾತು ಕೇಳೋದಿತ್ತು, ಯಜಮಾನ್ತಿ," ಎಂದೆ.

"ಕೇಳು. ಕೂರು ಅಂತ ಹೇಳಲ್ಲ. ನಿಮ್ಮಮ್ಮನೂ ಇಲ್ಲಿ ಕೂತವಳಲ್ಲ."

ನಾನು ನಿಂತೇ ಇದ್ದೆ, ಗಂಟೆಯ ಪಕ್ಕದಲ್ಲಿ.

"ಶನಿವಾರ ಬೆಟ್ಟದಿಂದ ದನ ಇಳಿದಾಗ ನಿಮ್ಮ ದನದ ತಲೆಗೆ ಹೂವಿರಲಿಲ್ಲ."

"ಊರಿಗೆಲ್ಲ ಗೊತ್ತು. ಒಂದು ಕಡಸು ಮೇಲೆ ಕಾಲು ಮುರ್ಕೊಂಡಿತ್ತು. ಕ್ವಿರಿನ್ ಹೋಟೆಲಲ್ಲೇ ಎಲ್ಲರಿಗೂ ಹೇಳಿದ."

ಕ್ವಿರಿನ್ ಅವಳ ಹಿರಿಮಗ, ದೊಡ್ಡಮನೆಯ ಯಜಮಾನ, ಊರ ವಾದ್ಯತಂಡದ ಅಧ್ಯಕ್ಷ, ಚರ್ಚಿನಲ್ಲಿ ಮೊದಲ ಬೆಂಚು, ಹೋಟೆಲಿನಲ್ಲಿ ಮೂಲೆ ಮೇಜು. ತಮ್ಮ ವಿಗಿಲ್ ಇಪ್ಪತ್ತನೆಯ ವಯಸ್ಸಿಗೇ ಮನೆ ಬಿಟ್ಟು ಹೋಗಿದ್ದವನು ಈ ಬೇಸಿಗೆ ಮರಳಿ ಬಂದು, ಅಪ್ಪ ಸಾಯುವ ಮೊದಲು ಮೇಲಿನ ಹುಲ್ಲುಗಾವಲಿನ ಅರ್ಧ ತನಗೆ ಬರೆದದ್ದನ್ನು ನೆನಪಿಸಿದ್ದ. ತನ್ನ ಪಾಲನ್ನು ಎರಡು ಮೂರು ಹಸು ಕಟ್ಟಿಕೊಂಡ ಸುಣ್ಣದಗೂಡಿನವರಿಗೆ ಮೇಯಲು ಬಿಡುತ್ತೇನೆ ಎಂದಿದ್ದ. ಕ್ವಿರಿನ್ ಆಗಲೇ ಆ ಇಳಿಜಾರನ್ನು ಸ್ಕೀ ಲಿಫ್ಟ್ ಹಾಕುವವರಿಗೆ ಒಪ್ಪಿಸಿಯಾಗಿತ್ತು.

"ಬೆಳಿಗ್ಗೆ ನಿಮ್ಮ ಕೊಟ್ಟಿಗೆ ನೋಡ್ದೆ," ಎಂದೆ. "ಕಡಸುಗಳೆಲ್ಲ ನಾಲ್ಕು ಕಾಲ ಮೇಲೆ ನಿಂತು ಮೆಲುಕು ಹಾಕ್ತಿದ್ವು."

ಕತ್ತರಿ ಒಂದು ಗಳಿಗೆ ನಿಂತಿತು. ಮತ್ತೆ ಕಚಕ್ಕೆಂದಿತು.

"ಹುಟ್ಟಿದ ಜಾಗ ಅಲ್ವಾ. ಕಾಲು ತಾನಾಗೇ ಅತ್ತ ಹೋಗಿರುತ್ತೆ."

ಇಂಥ ಮಾತಿಗೆ ಮೈ ಉರಿಯುವ ವಯಸ್ಸು ನನಗೆ ಕಳೆದಿತ್ತು. ನಾನು ಗಂಟೆಯ ಅಡಿಗೆ ಕೈ ಹಾಕಿದೆ. ಹೊಟ್ಟೆ ತುಂಬ ಒಣಹುಲ್ಲು.

ಬೇಸಿಗೆಯೆಲ್ಲ ಮೇಲೆ ಮೇದ ದನ ಸೆಪ್ಟೆಂಬರಿನಲ್ಲಿ ಕೆಳಗಿಳಿಯುವಾಗ ನಾವು ಅವುಗಳ ತಲೆಗೆ ಹೂವಿನ ಕಿರೀಟ ಕಟ್ಟುತ್ತೇವೆ, ಬೇಸಿಗೆ ಕೇಡಿಲ್ಲದೆ ಕಳೆದಿದ್ದರೆ ಮಾತ್ರ. ಒಂದು ಕರು ಸತ್ತಿದ್ದರೂ ಬೋಳು ತಲೆ. ಮನೆಯ ರಕ್ತದವರೇ ಸತ್ತಿದ್ದರೆ ಹೂವೂ ಇಲ್ಲ, ಮುಂದಾಳು ಹಸುವಿನ ಗಂಟೆಗೆ ದನಿಯೂ ಇಲ್ಲ. ಗಂಟೆಯ ನಾಲಿಗೆಗೆ ಕಪ್ಪು ರಿಬ್ಬನ್ ಕಟ್ಟಿ, ಹೊಟ್ಟೆಗೆ ಹುಲ್ಲು ತುರುಕುತ್ತಾರೆ. ಸತ್ತವನನ್ನು ಮಣ್ಣು ಮಾಡುವ ತನಕ ಬಿಚ್ಚುವಂತಿಲ್ಲ. ಸತ್ತವರೆಷ್ಟೋ ಅಷ್ಟು, ತಲೆಗೊಂದು ರಿಬ್ಬನ್. ಕಟ್ಟದೆ ದನ ಇಳಿಸಿದರೆ ಸತ್ತವನು ಗಂಟೆಯ ಸದ್ದು ಹಿಡಿದು ಮನೆಯವರೆಗೂ ಬರುತ್ತಾನೆ ಎಂದು ನಂಬುವವರು ನಾವು. ಟಿವಿ ಇದೆ, ಟ್ರ್ಯಾಕ್ಟರ್ ಇದೆ, ನಂಬಿಕೆಯೂ ಇದೆ.

ಹಾಗಾಗಿ ಗಂಟೆ ಮೂಕವಾಗಿದ್ದುದರಲ್ಲಿ ತಪ್ಪೇನೂ ಇರಲಿಲ್ಲ. ವಿಗಿಲ್ ಇನ್ನೂ ಶವಾಗಾರದಲ್ಲಿದ್ದ. ಪ್ರಶ್ನೆ ಒಂದೇ: ಯಾವಾಗ ಮೂಕವಾಯಿತು?

ಹೆಣ ಸಿಕ್ಕಿದ್ದು ಭಾನುವಾರ. ದನ ಇಳಿದದ್ದು ಶನಿವಾರ. ಶನಿವಾರ ದೊಡ್ಡಮನೆಯ ದನ ವಾದ್ಯತಂಡದ ಬೆನ್ನಿಗೇ ಬಂದಿತ್ತು. ತುತ್ತೂರಿ, ಡೋಲು, ಹಿಂದೆ ಮುಂದೆ ಬೇರೆ ಮನೆಗಳ ದನಗಳ ಗಂಟೆ. ಆ ಗದ್ದಲದಲ್ಲಿ ಒಂದು ಗಂಟೆ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ಕೇಳಬೇಕು?

ಠಾಣೆಯ ಕೋಣೆಯಲ್ಲಿ ಮಿರ್ಸಾದ್ ಬೆಳಿಗ್ಗೆ ಹೇಳಿದ್ದು ಈಗ ಬೇರೆಯೇ ಆಗಿ ಕೇಳಿಸಿತು. "ಮೇಡಂ, ಮೂರು ವರ್ಷದಿಂದ ಮುಂದಾಳು ಹಸು ಜೊತೆ ನಾನೇ ನಡೀತಿದ್ದೆ. ಈ ಸಲ ಯಜಮಾನರು ನನ್ನ ಹಿಂದಕ್ಕೆ ಹಾಕಿದ್ರು. ನೀನು ಕೊನೇಲಿ ಬಾ, ಮುಂದೆ ಬರ್ಬೇಡ ಅಂದ್ರು. ನಂದೇನೋ ತಪ್ಪಾಯ್ತು ಅನ್ಕೊಂಡೆ." ಅದನ್ನು ಹೇಳುವಾಗ ಅವನ ಮುಖದಲ್ಲಿ ಇನ್ನೂ ಆ ನಾಚಿಕೆ ಇತ್ತು. ಕೊಲೆ ಆರೋಪ ಹೊತ್ತವನಿಗೆ ಹಸುವಿನ ಪಕ್ಕ ನಡೆಯಲು ಬಿಡದ್ದೇ ದೊಡ್ಡ ನೋವಾಗಿತ್ತು.

ಆಫ್ರಾಳನ್ನು ನೇರ ಕೇಳಿದರೆ ಭಾನುವಾರ ಎನ್ನುತ್ತಾಳೆ. ಅಲ್ಲಿಗೆ ಮುಗಿಯಿತು. ನಾನು ಅವಳ ಹಣದ ಮೇಲಾಗಲಿ, ಮಗನ ಮೇಲಾಗಲಿ ಕೈ ಹಾಕಲಿಲ್ಲ. ಈ ಜನಕ್ಕೆ ಚುಚ್ಚಿದರೆ ರಕ್ತ ಬರುವ ಜಾಗ ಒಂದೇ ಇದೆ.

"ಭಾನುವಾರ ಸುದ್ದಿ ಬಂದ ಮೇಲೆ ಇಲ್ಲೇ ಗೋಡೆ ಮೇಲೇ ತುರುಕಿಬಿಟ್ರಾ?" ಎಂದೆ, ಅಯ್ಯೋ ಪಾಪ ಎನ್ನುವ ದನಿಯಲ್ಲಿ. "ಗಿರಣಿ ಗ್ರೂಬರ್ ಮನೇಲೂ ಹಂಗೇ ಮಾಡಿದ್ರಂತೆ, ಮುದುಕ ಸತ್ತಾಗ. ಈಗಿನ ಕಾಲದಲ್ಲಿ ಯಾರು ಅಷ್ಟೆಲ್ಲ ನೋಡ್ತಾರೆ ಬಿಡಿ."

ಆಫ್ರಾ ಕತ್ತರಿ ಕೆಳಗಿಟ್ಟಳು.

"ಗಿರಣಿ ಗ್ರೂಬರ್," ಎಂದಳು, ಬಾಯಿಗೆ ಹುಳ ಸಿಕ್ಕಿದವಳಂತೆ. "ಹಿಟ್ಟು ಕದ್ದು ಮನೆ ಕಟ್ಟಿದವರು. ಅವರು ಗೋಡೆ ಮೇಲೂ ಕಟ್ತಾರೆ, ಬಚ್ಚಲಲ್ಲೂ ಕಟ್ತಾರೆ. ಈ ಮನೇಲಿ ಗಂಟೆ ಗೋಡೆ ಮೇಲೆ ಕಟ್ಟಿದ್ದು ಒಂದು ದಿನ ಇಲ್ಲ. ಗೋಡೆ ಮೇಲಿದ್ದಾಗ ಅದು ಬರೀ ಕಬ್ಬಿಣ. ಹಸುವಿನ ಕೊರಳಲ್ಲಿದ್ದಾಗಲೇ ಕಟ್ಟಬೇಕು. ಮನೆ ಯಜಮಾನನೇ ಕಟ್ಟಬೇಕು. ಹಸು ಹೆಜ್ಜೆ ಎತ್ತೋ ಮೊದಲು, ಮೇಲಿನ ಬೇಲಿ ಬಾಗಿಲಲ್ಲೇ. ನನ್ನ ಗಂಡ ಕಟ್ಟಿದ್ದ, ಅವರಪ್ಪ ಕಟ್ಟಿದ್ದ. ಕೊಟ್ಟಿಗೇಲಿ ಹುಟ್ಟಿದವಳು ನನಗೆ ಪದ್ಧತಿ ಹೇಳಿಕೊಡೋಕೆ ಬಂದ್ಲು."

"ಹಂಗಾದ್ರೆ ಕ್ವಿರಿನ್ ಅವರೂ ಹಾಗೇ ಕಟ್ಟಿದ್ರು."

"ಇಲ್ಲದೆ? ಅವನು ದೊಡ್ಡಮನೆ ಗ್ರೂಬರ್."

"ಮೇಲಿನ ಬೇಲಿ ಬಾಗಿಲಲ್ಲಿ."

"ಮತ್ತೆಲ್ಲಿ?"

"ಶನಿವಾರ ಬೆಳಿಗ್ಗೆ," ಎಂದೆ. "ವಿಗಿಲ್ ಸತ್ತಿದ್ದು ಈ ಊರಲ್ಲಿ ಯಾರಿಗೂ ಗೊತ್ತಿಲ್ಲದಾಗ."

ನಡುಮನೆಯ ಮೂಲೆಯ ಶಿಲುಬೆಯ ಕೆಳಗೆ ವಿಗಿಲ್‌ನ ಫೋಟೋ ಇಟ್ಟಿದ್ದರು. ಶಾಲೆ ಬಿಟ್ಟ ವರ್ಷದ್ದು. ಆಮೇಲಿನ ಫೋಟೋ ಈ ಮನೆಯಲ್ಲಿ ಇರಲಿಲ್ಲ.

ಅವಳು ಬೆದರುತ್ತಾಳೆ ಎಂದುಕೊಂಡಿದ್ದೆ. ಆಫ್ರಾ ಬೆದರಲಿಲ್ಲ. ಕೆಂಪು ರಿಬ್ಬನ್ನಿನ ತುಂಡೊಂದನ್ನು ಬೆರಳಿಗೆ ಸುತ್ತಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಜಾಣೆ," ಎಂದಳು. "ನಿಮ್ಮಮ್ಮನೂ ಜಾಣೆ. ಹಾಲು ಕರೀತಾ ಕರೀತಾ ಮನೆ ಮಾತೆಲ್ಲ ಕೇಳಿಸ್ಕೊಳ್ಳೋಳು. ಈಗ ಏನ್ ಮಾಡ್ತೀಯ? ಇನ್ಸ್‌ಬ್ರುಕ್‌ನಲ್ಲಿ ಟೈ ಕಟ್ಟಿಕೊಂಡು ಕೂತಿರೋ ಸಾಹೇಬರ ಮುಂದೆ ಹೋಗಿ, ಹಸುವಿನ ಗಂಟೇಲಿ ಹುಲ್ಲಿತ್ತು ಸ್ವಾಮಿ ಅಂತೀಯಾ? ನಗ್ತಾರೆ."

"ನಗ್ತಾರೆ," ಎಂದು ಒಪ್ಪಿಕೊಂಡೆ. "ಅವರಿಗೆ ಹುಲ್ಲು ಸಾಲದು, ಬಾಯಿ ಬೇಕು. ಕ್ವಿರಿನ್ ಬಾಯಿ ಬೇಕು. ಈ ಗಂಟೆನ ಕ್ವಿರಿನ್ ಮುಂದೆ ಇಟ್ರೆ ಅವರು ಸುಳ್ಳು ಹೇಳಲ್ಲ. ನನಗೆ ಸುಳ್ಳು ಹೇಳ್ತಾರೆ, ಪಾದ್ರಿಗೂ ಹೇಳ್ತಾರೆ. ಗಂಟೆಗೆ ಹೇಳೋಕೆ ಆಗ್ಲಿಲ್ಲ ನೋಡಿ."

ಅದೇ ನನಗೆ ಈ ಮನೆಯ ಮೇಲೆ ಅಸಹ್ಯ ತರಿಸಿದ್ದು. ಶುಕ್ರವಾರ ತಮ್ಮನನ್ನು ಕಮರಿಗೆ ತಳ್ಳಿದ ಕೈ. ಶನಿವಾರ ಬೆಳಿಗ್ಗೆ ಅದೇ ಕೈ ಅಷ್ಟು ಭಕ್ತಿಯಿಂದ ಅವನ ಹೆಸರಿನಲ್ಲಿ ರಿಬ್ಬನ್ ಕಟ್ಟಿದೆ. ತಮ್ಮ ಬದುಕಿದ್ದಾಗ ಒಂದು ತುಂಡು ಹುಲ್ಲು ಬಿಟ್ಟುಕೊಡಲಾಗದವನು, ಸತ್ತ ಮೇಲೆ ಒಂದು ಹಿಡಿ ಹುಲ್ಲನ್ನು ಗಂಟೆಗೆ ತುರುಕಿದ್ದಾನೆ.

"ಕ್ವಿರಿನ್ ಎಲ್ಲಿ?" ಎಂದು ಕೇಳಿದೆ.

"ಕೆಲಸಕ್ಕೆ ಹೋಗಿದ್ದಾನೆ."

"ಎಲ್ಲಿಗೆ?"

ಅವಳು ಕಿಟಕಿಯತ್ತ ನೋಡಿದಳು. ಕಿಟಕಿಯ ಆಚೆ ಅಂಗಳ, ಅಂಗಳದಲ್ಲಿ ವೇಯ್ನ್‌ನ ಬೆನ್ನು, ಅವನ ಕ್ಯಾಮೆರಾದ ಆಚೆ ಬೆಟ್ಟ.

ನಾನು ಗಂಟೆಯನ್ನು ಮೊಳೆಯಿಂದ ಇಳಿಸಿದೆ. ಎರಡು ಕೈ ಬೇಕಾಯಿತು. ಮೇಜಿನ ಮೇಲೆ, ಕೆಂಪು ಬಿಳಿ ಹೂಗಳ ನಡುವೆ ಬಾಯಿ ಮೇಲೆ ಮಾಡಿಟ್ಟು ಹುಲ್ಲು ಕೀಳತೊಡಗಿದೆ. ಆಫ್ರಾ ತಡೆಯಲಿಲ್ಲ. ಮಣ್ಣಾಗುವ ಮೊದಲು ಬಿಚ್ಚಿದರೆ ಕೇಡು ಬಿಚ್ಚಿದವರಿಗೆ ಎಂದು ನಂಬುವವಳು ಯಾಕೆ ತಡೆದಾಳು?

ಬೆಟ್ಟದ ಮೇಲಿನ ಗಿಡ್ಡ ಒರಟು ಹುಲ್ಲು. ಕೆಳಗಿನ ಗದ್ದೆಯದಲ್ಲ. ಅದರ ಅಡಿಯಲ್ಲಿ ಗಂಟೆಯ ನಾಲಿಗೆ, ನಾಲಿಗೆಗೆ ಬಿಗಿದ ಕಪ್ಪು ರಿಬ್ಬನ್. ಶನಿವಾರ ದಾರಿಯುದ್ದಕ್ಕೂ ಮಳೆ ಹೊಯ್ದಿತ್ತು. ರಿಬ್ಬನ್ನಿನ ತುದಿ ಕೆಸರು ಕುಡಿದು, ಒಣಗಿ, ಹಪ್ಪಳದಂತೆ ಗಡುಸಾಗಿತ್ತು. ಭಾನುವಾರದಿಂದ ಈಚೆಗೆ ಒಂದು ಹನಿ ಬಿದ್ದಿಲ್ಲ. ಇದು ದಾರಿ ನಡೆದ ರಿಬ್ಬನ್. ನನಗೆ ಬೇಕಾದದ್ದು ಸಿಕ್ಕಿತ್ತು.

ಹುಲ್ಲನ್ನು ಮರಳಿ ತುಂಬಲು ಹೋದವಳು ಕೈ ತಡೆದೆ.

ಕೆಸರು ಮೆತ್ತಿದ ಗಂಟಿನ ಮೇಲೆ ಇನ್ನೊಂದು ಗಂಟು ಇತ್ತು.

ಇನ್ನೊಂದು ಕಪ್ಪು ರಿಬ್ಬನ್. ಇದಕ್ಕೆ ಕೆಸರಿಲ್ಲ, ಧೂಳಿಲ್ಲ. ಸುರುಳಿಯಿಂದ ಬಿಚ್ಚಿದ ಮಡಿಕೆ ಇನ್ನೂ ಮಾಸಿರಲಿಲ್ಲ. ತುದಿಗಳನ್ನು ಕತ್ತರಿಯಿಂದ ಓರೆಯಾಗಿ ಕತ್ತರಿಸಿದ್ದರು. ಮೇಜಿನ ಮೇಲೆ ರಾಶಿ ಬಿದ್ದಿದ್ದ ನೆಂಟರ ಹೂಗಳ ತುದಿಯೂ ಹಾಗೇ ಓರೆ.

ತಲೆಗೊಂದು ರಿಬ್ಬನ್.

"ಇದು ಯಾರಿಗೆ?" ಎಂದೆ.

ಆಫ್ರಾ ಏಪ್ರನ್ನಿನ ಮೇಲಿನ ದಾರದ ತುಂಡುಗಳನ್ನು ಒಂದೊಂದಾಗಿ ಆರಿಸಿ ತೆಗೆದಳು.

"ಗೋಡೆ ಮೇಲೆ ಕಟ್ಟಲ್ಲ ಅಂದ್ರಿ."

"ಗೋಡೆ ಮೇಲೆ ಕಟ್ಟಿಲ್ಲ. ಬೆಳಿಗ್ಗೆ ನೀನು ಬರೋ ಮೊದಲು ಕೊಟ್ಟಿಗೆಗೆ ತಗೊಂಡೋಗಿ ಹಸುವಿನ ಕೊರಳಿಗೆ ಹಾಕಿ ಕಟ್ಟಿದೆ. ಅದು ಅಲ್ಲಾಡದೆ ನಿಂತಿತ್ತು. ಅದಕ್ಕೆ ಗೊತ್ತಾಗುತ್ತೆ."

"ಯಜಮಾನನೇ ಕಟ್ಟಬೇಕಲ್ವಾ?"

"ಯಜಮಾನ ತನಗೆ ತಾನೇ ಕಟ್ಟಿಕೊಳ್ಳೋಕೆ ಆಗುತ್ತಾ?"

ಅದನ್ನು ಅವಳು ಒಲೆಗೆ ಸೌದೆ ಸಾಲುತ್ತಾ ಎಂದು ಕೇಳುವಷ್ಟು ಸಲೀಸಾಗಿ ಕೇಳಿದಳು.

"ನಿಮ್ಮ ಮಗ," ಎಂದೆ. "ಬದುಕಿರೋ ಮಗ."

"ರಾತ್ರಿಯೆಲ್ಲ ಇಲ್ಲಿ ಕೂತು ಅತ್ತ. ದನದ ವ್ಯಾಪಾರದಲ್ಲಿ ಗಟ್ಟಿ, ಬೇರೆಲ್ಲದರಲ್ಲಿ ಮೆತ್ತಗೆ. ಅವರಪ್ಪನ ಹಾಗೇ. ಬುರ್ಗಿ ಬಿಡಲ್ಲ ಅಮ್ಮಾ, ಅವಳು ಕಂಡುಹಿಡೀತಾಳೆ ಅಮ್ಮಾ ಅಂದ. ಬರೋ ಭಾನುವಾರ ಎಲ್ಲೆಲ್ಲಿಂದಲೋ ಗ್ರೂಬರರು ಬರ್ತಾರೆ. ಬವೇರಿಯಾದಿಂದ, ಇಟಲಿ ಕಡೆಯಿಂದ, ಅಮೆರಿಕದಿಂದ. ಅವರೆದುರು ದೊಡ್ಡಮನೆ ಗ್ರೂಬರ್‌ಗೆ ನೀನು ಕೈಕೋಳ ಹಾಕಬೇಕು. ಕೊಟ್ಟಿಗೆಯವಳು. ಆಗಲ್ಲ." ಅವಳು ತಲೆ ಅಲ್ಲಾಡಿಸಿದಳು. "ಮೊಮ್ಮಗ ವ್ಯಾಲೆಂಟಿನ್ ಇದ್ದಾನೆ. ಕೃಷಿ ಶಾಲೇಲಿ ಓದ್ತಿದ್ದಾನೆ. ಮನೆ ನಡೆಯುತ್ತೆ. ಗಂಡಸರು ಬರ್ತಾರೆ, ಹೋಗ್ತಾರೆ. ಹೆಸರು ಇರಬೇಕು."

ಕ್ವಿರಿನ್ ಸತ್ತರೆ ಶನಿವಾರದ ಗಂಟೆ ಬರೀ ಹುಲ್ಲು. ಅವನ ಬಾಯಿಯ ಜೊತೆ ಮಿರ್ಸಾದನ ಬದುಕೂ ಮುಚ್ಚಿಹೋಗುತ್ತದೆ. ಮುದುಕಿ ಇದನ್ನೂ ಲೆಕ್ಕ ಹಾಕಿದ್ದಳು. ಇನ್ನೇನನ್ನು ಲೆಕ್ಕ ಹಾಕಿದ್ದಾಳೆ ಎಂದು ನನಗೆ ಇನ್ನೂ ತಿಳಿದಿರಲಿಲ್ಲ.

ನಡುಮನೆಯ ಫೋನ್ ಎತ್ತಿ ಠಾಣೆಗೆ ತಿರುಗಿಸಿದೆ. ಠಾಣಾಧಿಕಾರಿ ಎಂಗೆಲ್ಬರ್ಟ್ ಎತ್ತಿಕೊಂಡ. ಅವನೂ ಗ್ರೂಬರ್, ಸೇತುವೆ ಗ್ರೂಬರ್. ಬಾಯಿ ತುಂಬ ಏನೋ ಇತ್ತು.

"ಸಾರ್, ಕ್ವಿರಿನ್‌ನ ಹುಡುಕಿಸಿ. ತಕ್ಷಣ. ಮಿರ್ಸಾದ್‌ನ ಎಲ್ಲೂ ಕಳಿಸ್ಬೇಡಿ."

"ಕಳಿಸಾಯ್ತಲ್ಲಮ್ಮ."

"ಗಾಡಿ ಸಂಜೆಗೆ ಅಲ್ವಾ?"

"ಇನ್ಸ್‌ಬ್ರುಕ್‌ಗಲ್ಲ. ಮೇಲಕ್ಕೆ. ಕ್ವಿರಿನ್ನೇ ಬಂದಿದ್ದ. ತಮ್ಮ ಎಲ್ಲಿಂದ ಬಿದ್ದ ಅಂತ ಆ ಬೋಸ್ನಿಯಾದವನ ಕೈಲೇ ತೋರಿಸಿ, ಅವನು ಹೋಗೋ ಮೊದಲು ಮಹಜರು ಮುಗಿಸಿಬಿಡಿ ಅಂದ. ಒಳ್ಳೇ ಮಾತು ಅನ್ನಿಸ್ತು. ನನಗೆ ಹೊಳೆದೇ ಇರಲಿಲ್ಲ."

ಅದು ಮಾತ್ರ ನಿಜ. ಅವನಿಗೆ ಏನೂ ಹೊಳೆದ ನೆನಪು ಠಾಣೆಯಲ್ಲಿ ಯಾರಿಗೂ ಇಲ್ಲ.

"ಜೊತೆಗೆ ಯಾರಿದ್ದಾರೆ?"

"ಕಾನ್‌ಸ್ಟೆಬಲ್ ಪಂಕ್ರಾಟ್ಸ್ ಹೋಗಿದ್ದಾನೆ. ಅವನ ಮಂಡಿ ನೋವು ನಿನಗೆ ಗೊತ್ತಲ್ಲ, ಜೀಪಿನ ಹತ್ರ ಇರ್ತಾನೆ. ಅಲ್ಲಿಂದಾಚೆ ಕ್ವಿರಿನ್ ನೋಡ್ಕೋತಾನೆ. ಹಗ್ಗ ಇದೆ, ಕೈದಿ ಕೈಗೆ ಕೋಳ ಇದೆ. ಓಡಿಹೋಗಲ್ಲ ಬಿಡು."

"ಸಾರ್, ಕೊಲೆ ಮಾಡಿದ್ದು ಕ್ವಿರಿನ್."

ಅತ್ತ ಅಗಿಯುವುದು ನಿಂತಿತು. "ಬುರ್ಗಿ," ಎಂದ, ಜ್ವರ ಬಂದ ಮಗುವನ್ನು ಸಮಾಧಾನ ಮಾಡುವವನಂತೆ. "ಅವನು ದೊಡ್ಡಮನೆ ಗ್ರೂಬರ್ ಕಣಮ್ಮ."

ನಾನು ಫೋನ್ ಕುಕ್ಕಿದೆ.

ಈಗ ಮುದುಕಿಯ ಲೆಕ್ಕ ಪೂರ್ತಿ ಬಿಡಿಸಿಕೊಂಡಿತು. ತಪ್ಪಿಸಿಕೊಳ್ಳಲು ಹೋದ ಕೊಲೆಗಾರ, ಅವನನ್ನು ಹಿಡಿಯಲು ಹೋಗಿ ಪ್ರಾಣ ಕೊಟ್ಟ ಅಣ್ಣ. ಭಾನುವಾರ ಸಮಾವೇಶಕ್ಕೆ ಬಂದ ಗ್ರೂಬರರೆಲ್ಲ ಎದ್ದು ನಿಂತು ತಲೆ ಬಾಗಿಸುತ್ತಾರೆ. ಮುಂದಿನ ವರ್ಷ ಕಮರಿಯ ಅಂಚಿನಲ್ಲಿ ಒಂದು ಕಲ್ಲು ನಿಲ್ಲುತ್ತದೆ. ಅದರ ಮೇಲೆ ಹೆಸರು ಇರುತ್ತದೆ, ಒಬ್ಬನದು.

ಎರಡನೆಯ ರಿಬ್ಬನ್ನಿನ ಗಂಟು ಬಿಚ್ಚಿ ಎಳೆದು ಮುಷ್ಟಿಯಲ್ಲಿ ಹಿಡಿದೆ.

"ಅದನ್ನ ಅಲ್ಲೇ ಇಟ್ಟು ಹೋಗು," ಎಂದಳು ಆಫ್ರಾ. "ಸಂಜೆಗೆ ಬೇಕು."

"ಮೇಲೆ ಹೋಗಿರೋದು ಇಬ್ಬರು. ನೀವು ಕಟ್ಟಿರೋದು ಒಂದು."

ಅವಳಿಗೆ ನಾನು ಹೇಳಿದ್ದು ನಿಜವಾಗಿಯೂ ಅರ್ಥವಾಗಲಿಲ್ಲ. ಆ ಮುಖವನ್ನು ನಾನು ಮರೆಯಲಾರೆ. ಕೋಪವಿರಲಿಲ್ಲ, ನಾಚಿಕೆಯಿರಲಿಲ್ಲ. ಏನೋ ಎಣಿಕೆ ತಪ್ಪಿತೇ ಎಂದು ಒಂದು ಗಳಿಗೆ ಯೋಚಿಸಿದಳು, ಅಷ್ಟೇ. ಆಮೇಲೆ ಹೊಳೆಯಿತು.

"ಓ, ಆ ಆಳಾ?" ಎಂದಳು. "ಅವನು ಗ್ರೂಬರ್ ಅಲ್ವಲ್ಲ."

ನಾನು ಅಂಗಳಕ್ಕೆ ಓಡಿದೆ. ಗೇಟಿನ ಬಳಿ ಸೆನಾದಾ ನಿಂತಿದ್ದಳು, ಒಂದು ಕೈ ಹೊಟ್ಟೆಯ ಮೇಲೆ. ಠಾಣೆಯಿಂದ ಜೀಪಿನ ಹಿಂದೆಯೇ ನಡೆದು ಬಂದಿರಬೇಕು. ಅವಳು ಏನನ್ನೂ ಕೇಳಲಿಲ್ಲ. ನನ್ನ ಮುಷ್ಟಿಯಿಂದ ಇಳಿಬಿದ್ದಿದ್ದ ಕಪ್ಪು ರಿಬ್ಬನ್ ನೋಡಿದಳು, ಆಮೇಲೆ ಬೆಟ್ಟ ನೋಡಿದಳು. ಬರಿಗಣ್ಣಿಗೆ ಮೇಲೆ ಬೂದು ಬಂಡೆ, ಹಸಿರು ಪಟ್ಟಿ, ಕಮರಿಯ ಕಪ್ಪು ಗೀರು. ಬೇರೇನೂ ಕಾಣುತ್ತಿರಲಿಲ್ಲ.

ವೇಯ್ನ್ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಬಿಗಿದು, ಉದ್ದದ ಕೊಳವೆಯನ್ನು ಕಮರಿಯತ್ತ ತಿರುಗಿಸಿ, ಒಂದು ಕಣ್ಣು ಮುಚ್ಚಿ ನಿಂತಿದ್ದ. ಮುದುಕಿ ಅವನನ್ನು ಅಂಗಳಕ್ಕೆ ಸುಮ್ಮನೆ ಕಳಿಸಿರಲಿಲ್ಲ. ಅವಳಿಗೆ ಸಾಕ್ಷಿ ಬೇಕಿತ್ತು, ಅಮೆರಿಕದ ಸಾಕ್ಷಿ, ಫೋಟೋ ಸಮೇತ.

"ಸೋದರಿ, ಬನ್ನಿರಿ, ನೋಡಿರಿ," ಎಂದು ಅವನು ಸಂಭ್ರಮದಿಂದ ಕರೆದ. "ಇಬ್ಬರು ಗಂಡಸರು ಕಮರಿಯ ಅಂಚಿನ ಕಡೆಗೆ ನಡೆಯುತ್ತಿರುವರು. ಮುಂದಿನವನ ಕೈಯಲ್ಲಿ ಏನೋ ಹೊಳೆಯುತ್ತಿದೆ. ಹಿಂದಿನವನು ಈಗ ಹಗ್ಗವನ್ನು ಇಬ್ಬರ ಸೊಂಟಕ್ಕೂ ಸೇರಿಸಿ ಕಟ್ಟಿದನು."

ಅವನು ಕೊಳವೆಯಿಂದ ಕಣ್ಣು ತೆಗೆದು ನನ್ನತ್ತ ತಿರುಗಿದ. ಕಣ್ಣಂಚಿನಲ್ಲಿ ಮತ್ತೆ ನೀರು.

"ಇದು ಕೂಡ ನಮ್ಮ ಗ್ರೂಬರರ ಪದ್ಧತಿಯೇ?"